ಕಾಸರಗೋಡು: ಕೋವಿಡ್ ಹೋಯ್ತು, ಕೋರ್ಟಿನ ವಾಯಿದೆ ಮುಗಿಯಲಿಲ್ಲ

ಕೋವಿಡ್ ಬಂತು, ಕೋರ್ಟು ಮುಚ್ಚಿತು, ಕೇಸುಗಳು ರಾಶಿ ಬಿದ್ದವು. ಹೆಚ್ಚಿನವರು ಹೇಳೋದು ಇಷ್ಟೇ. ಇದು ಅರ್ಧ ಮಾತ್ರ ನಿಜ. ಲಾಕ್‌ಡೌನಿನ ದಿನಗಳಲ್ಲೂ ಮ್ಯಾಜಿಸ್ಟ್ರೇಟರು ರಿಮಾಂಡ್ ಕೊಡ್ತಾ ಇದ್ದರು, ಜಾಮೀನು ಅರ್ಜಿಗಳ ವಾದ ನಡೀತಾ ಇತ್ತು. ನಿಂತದ್ದು ಒಂದೇ ಕೆಲಸ: ಸಾಕ್ಷಿಯನ್ನು ಕಟಕಟೆ ಹತ್ತಿಸಿ ವಿಚಾರಿಸೋದು. ಕ್ರಿಮಿನಲ್ ಕೇಸಿನ ಜೀವ ಇರೋದು ಅಲ್ಲೇ. ಕಾಸರಗೋಡಿನಂಥ ಗಡಿ ಜಿಲ್ಲೆಯಲ್ಲಿ ಸಾಕ್ಷಿಯನ್ನು ಕೋರ್ಟಿಗೆ ತರಿಸೋದು ಮೊದಲೇ ಕಷ್ಟ ಇತ್ತು. ಕೋವಿಡ್ ಅದನ್ನು ಅಸಾಧ್ಯ ಮಾಡಿತು. ಆಗ ತಪ್ಪಿದ ಲಯ ಇವತ್ತಿಗೂ ಸರಿಹೋಗಿಲ್ಲ.

ಆ ದಿನಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ದೇಶದ ಮೂರನೇ ಕೋವಿಡ್ ಪ್ರಕರಣ ನಮ್ಮ ಜಿಲ್ಲೆಯದ್ದೇ. 2020ರ ಫೆಬ್ರವರಿ ಮೊದಲ ವಾರದಲ್ಲಿ, ವುಹಾನ್‌ನಿಂದ ಬಂದ ವಿದ್ಯಾರ್ಥಿಗೆ ಸೋಂಕು ಪತ್ತೆಯಾಗಿತ್ತು. ಮಾರ್ಚ್ ಹೊತ್ತಿಗೆ ಗಲ್ಫಿನಿಂದ ಬಂದವರಲ್ಲಿ ಸೋಂಕು ಜಾಸ್ತಿಯಾಗಿ, ಕಾಸರಗೋಡಿನ ಹೆಸರು ದಿನಾ ಟಿವಿಯಲ್ಲಿ ಬರತೊಡಗಿತು. ಮಾರ್ಚ್ 25ರಿಂದ ದೇಶವೇ ಬಂದ್. ಮಂಗಳೂರು ಹಾದಿಯ ಗಡಿ ತಲಪಾಡಿಯಲ್ಲಿ, ಒಳದಾರಿಗಳಲ್ಲಿ ಕರ್ನಾಟಕದವರು ರಸ್ತೆಗೆ ಮಣ್ಣು ಸುರಿದರು. ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ರೋಗಿಗಳು ಸತ್ತ ಸುದ್ದಿ ಒಂದರ ಮೇಲೊಂದು ಬಂತು. ಏಪ್ರಿಲ್ 1ಕ್ಕೆ ಕೇರಳ ಹೈಕೋರ್ಟು ತಡೆ ತೆಗೆಸಬೇಕೆಂದು ಕೇಂದ್ರಕ್ಕೆ ಹೇಳಿತು. ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. ರೋಗಿಗಳ ವಿಷಯದಲ್ಲಿ ಒಂದು ಒಪ್ಪಂದ ಆಯಿತು. ಸಾಕ್ಷಿಗಳ ವಿಷಯ ಯಾರ ತಲೆಗೂ ಬರಲಿಲ್ಲ. ಬರೋ ಹೊತ್ತೂ ಅದಾಗಿರಲಿಲ್ಲ ಬಿಡಿ.

ಕೋರ್ಟುಗಳು ಆಗ ಏನು ಮಾಡಿದವು? ಸುಪ್ರೀಂ ಕೋರ್ಟು ತಾನಾಗಿಯೇ ಕೈಗೆತ್ತಿಕೊಂಡ ಎರಡು ವಿಷಯಗಳಲ್ಲಿ 2020ರ ಮಾರ್ಚ್ 23ರಂದು ಆದೇಶ ಕೊಟ್ಟಿತು. ಅಪೀಲು, ದಾವೆ ಹಾಕೋ ಗಡುವುಗಳನ್ನೆಲ್ಲ ಮುಂದೆ ಹಾಕಿದ್ದು ಒಂದು. ಜೈಲುಗಳಲ್ಲಿ ಜನ ಕಡಿಮೆ ಮಾಡೋಕೆ ರಾಜ್ಯಗಳು ಉನ್ನತಾಧಿಕಾರ ಸಮಿತಿ ಮಾಡಬೇಕು ಅಂದದ್ದು ಇನ್ನೊಂದು. ಏಳು ವರ್ಷದ ತನಕ ಶಿಕ್ಷೆ ಇರೋ ಅಪರಾಧಗಳ ವಿಚಾರಣಾಧೀನ ಕೈದಿಗಳನ್ನು ಮಧ್ಯಂತರ ಜಾಮೀನಿನ ಮೇಲೆ ಬಿಡೋದನ್ನು ಆ ಸಮಿತಿಗಳು ನೋಡಬೇಕಿತ್ತು. ಕೇರಳ ಹೈಕೋರ್ಟಿನ ಪೂರ್ಣಪೀಠವೂ ಮಾರ್ಚ್ ಕೊನೆಗೆ ಇಂಥದೇ ಆದೇಶ ಕೊಟ್ಟಿತು. ಏಪ್ರಿಲ್ 6ರಂದು ವಿಡಿಯೊ ಕಾನ್ಫರೆನ್ಸ್ ಬಗ್ಗೆ ಸುಪ್ರೀಂ ಕೋರ್ಟಿನ ಮಾರ್ಗಸೂಚಿ ಬಂತು. ಅದರಲ್ಲಿ ಒಂದು ಸಾಲು ಇತ್ತು: ಎರಡೂ ಕಡೆಯವರು ಒಪ್ಪದಿದ್ದರೆ ವಿಡಿಯೊ ಮೂಲಕ ಸಾಕ್ಷ್ಯ ದಾಖಲಿಸುವ ಹಾಗಿಲ್ಲ.

ಆ ಸಾಲು ಸರಿಯಾದದ್ದೇ. ಕಟ್ಟಿದ ಕಥೆಯನ್ನು ಪಕ್ಕದಲ್ಲಿ ಕೂತು ಯಾರಾದರೂ ಹೇಳಿಕೊಡ್ತಾ ಇದ್ದರೆ ಕ್ಯಾಮೆರಾಗೆ ಕಾಣೋದಿಲ್ಲ ಅಲ್ವಾ. ಆದರೆ ಅದರ ಪರಿಣಾಮ ನೋಡಿ. ಜಾಮೀನಿನ ಮೇಲೆ ಹೊರಗಿರೋ ಆರೋಪಿಗೆ ವಿಚಾರಣೆ ಬೇಗ ಮುಗಿಯಲಿ ಅಂತ ಏನು ಅವಸರ? ಅವನ ವಕೀಲರು ಯಾಕೆ ಒಪ್ಪಬೇಕು? ಹೀಗೆ ಕೇಸು ಒಳಗೆ ಬರುವ ಬಾಗಿಲು ತೆರೆದೇ ಇತ್ತು, ಹೊರಗೆ ಹೋಗುವ ಬಾಗಿಲು ಮುಚ್ಚಿತ್ತು.

ಒಳಗೆ ಬಂದದ್ದಾದರೂ ಎಷ್ಟು? ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ, 2019ರಲ್ಲಿ ಇಡೀ ದೇಶದಲ್ಲಿ ಐಪಿಸಿ 188ರ ಕೆಳಗೆ, ಅಂದರೆ ಸರಕಾರಿ ಆದೇಶ ಮೀರಿದ್ದಕ್ಕೆ ದಾಖಲಾದದ್ದು 29,469 ಕೇಸು. 2020ರಲ್ಲಿ ಅದು 6,12,179. ಇಪ್ಪತ್ತು ಪಟ್ಟು. ಆ ವರ್ಷ ಕಳ್ಳತನ, ಅಪಘಾತದ ಕೇಸುಗಳು ಇಳಿದರೂ ಒಟ್ಟು ಕೇಸು 51.5 ಲಕ್ಷದಿಂದ 66 ಲಕ್ಷಕ್ಕೆ ಏರಿತು. ಕೇರಳದಲ್ಲಿ ಇದರ ಮೇಲೆ ಸಾಂಕ್ರಾಮಿಕ ರೋಗಗಳ ಸುಗ್ರೀವಾಜ್ಞೆಯ ಕೇಸುಗಳು. ಮಾಸ್ಕ್ ಇಲ್ಲ, ಬೈಕಲ್ಲಿ ಸುಮ್ನೆ ಹೊರಗೆ ಬಂದ, ಅಂಗಡಿ ಹೊತ್ತುಮೀರಿ ತೆರೆದಿತ್ತು, ಇಂಥವೇ.

ಇದರಲ್ಲಿ ಒಂದು ತಮಾಷೆ ಇದೆ. 188ರ ಕೇಸಿನಲ್ಲಿ ಆದೇಶ ಹೊರಡಿಸಿದ ಅಧಿಕಾರಿ ಅಥವಾ ಅವರ ಮೇಲಿನವರು ಲಿಖಿತ ದೂರು ಕೊಡದೆ ಕೋರ್ಟು ವಿಚಾರಣೆಗೆ ತೆಗೆದುಕೊಳ್ಳುವ ಹಾಗಿಲ್ಲ. ಕ್ರಿಮಿನಲ್ ಕೇಸು ಹೇಗೆ ನಡೀಬೇಕು ಅನ್ನೋ ಆಗಿನ ಕಾನೂನು ಸಿಆರ್‌ಪಿಸಿ, ಅದರ 195ನೇ ಸೆಕ್ಷನ್ ಹೇಳಿದ್ದು ಅದನ್ನೇ. ಬರೀ ಎಫ್‌ಐಆರ್, ಚಾರ್ಜ್‌ಶೀಟ್ ಸಾಕಾಗೋದಿಲ್ಲ. ಅಂದರೆ ದಾಖಲಿಸುವಾಗಲೇ ಕಾಲು ಮುರಿದಿದ್ದ ಕೇಸುಗಳು ಕಮ್ಮಿಯೇನಿಲ್ಲ. ತಮಿಳುನಾಡು ಸರಕಾರ 2021ರ ಫೆಬ್ರವರಿಯಲ್ಲಿ ಲಾಕ್‌ಡೌನ್ ಉಲ್ಲಂಘನೆಯ ಸುಮಾರು 10 ಲಕ್ಷ ಕೇಸುಗಳನ್ನು ಕೈಬಿಡ್ತೇವೆ ಅಂತ ಪ್ರಕಟಿಸಿತು. ಚುನಾವಣೆ ಎದುರಿಗಿತ್ತು ಅನ್ನೋದು ಬೇರೆ ಮಾತು. ಆದರೂ ಅಷ್ಟು ಕೇಸುಗಳಿಗೆ ನಂಬರು ಹಾಕಿ, ಸಮನ್ಸ್ ಕಳಿಸಿ, ಹೆಸರು ಕೂಗಿಸೋದಕ್ಕಿಂತ ಅದು ಎಷ್ಟೋ ವಾಸಿ.

ಜೈಲಿನ ಲೆಕ್ಕ ನೋಡಿದರೆ ವಿಚಾರಣೆ ನಿಂತದ್ದು ಇನ್ನೂ ಚೆನ್ನಾಗಿ ಕಾಣುತ್ತೆ. 2019ರ ಕೊನೆಗೆ ದೇಶದ ಜೈಲುಗಳಲ್ಲಿ ಶಿಕ್ಷೆಯಾದ ಕೈದಿಗಳು 1,44,125. 2020ರ ಕೊನೆಗೆ 1,12,589. ಪೆರೋಲ್ ಕೊಟ್ಟದ್ದೂ ಇದಕ್ಕೊಂದು ಕಾರಣ. ಆದರೆ ಅದೇ ವರ್ಷ ವಿಚಾರಣಾಧೀನ ಕೈದಿಗಳು 3.3 ಲಕ್ಷದಿಂದ 3.7 ಲಕ್ಷಕ್ಕೆ ಏರಿದರು. 2021ರ ಕೊನೆಗೆ 4,27,165. ನೂರು ಕೈದಿಗಳಲ್ಲಿ 77 ಮಂದಿ ಇನ್ನೂ ತೀರ್ಪು ಕಾಣದವರು. ಜೈಲು ಖಾಲಿ ಮಾಡಿ ಅಂತ ಸುಪ್ರೀಂ ಕೋರ್ಟು ಹೇಳಿದ ಕಾಲದಲ್ಲೇ ಹೀಗಾಯಿತು.

ಇನ್ನು ನಮ್ಮ ಜಿಲ್ಲೆಯ ಕಥೆಗೆ ಬರೋಣ. ಇಲ್ಲಿನ ಕ್ರಿಮಿನಲ್ ಕೇಸುಗಳ ಸಾಕ್ಷಿಪಟ್ಟಿ ನೋಡಿದರೆ ಭೂಗೋಳದ ಪಾಠ ಓದಿದ ಹಾಗಾಗುತ್ತೆ. ಕುಂಬಳೆಯಲ್ಲೋ ಉಪ್ಪಳದಲ್ಲೋ ಒಬ್ಬನಿಗೆ ಚೂರಿ ಇರಿತ ಆಯಿತು ಅಂದುಕೊಳ್ಳಿ. ಆಂಬುಲೆನ್ಸ್ ಸೀದಾ ಹೋಗೋದು ಮಂಗಳೂರಿಗೆ. ಗಾಯದ ಸರ್ಟಿಫಿಕೇಟ್ ಬರೆಯೋದು ಅಲ್ಲಿನ ಡಾಕ್ಟರು. ಕೊಲೆಯತ್ನದ ಕೇಸಿನಲ್ಲಿ ಗಾಯ ಎಷ್ಟು ಆಳ, ಯಾವ ಆಯುಧದಿಂದ ಆದದ್ದು, ಜೀವಕ್ಕೆ ಅಪಾಯ ಇತ್ತಾ ಅಂತ ಹೇಳಬೇಕಾದವರು ಅವರೇ. ಅವರು ಹೇಳದಿದ್ದರೆ ಕೇಸು ಕೊಲೆಯತ್ನದಿಂದ ಸಾಮಾನ್ಯ ಹಲ್ಲೆಗೆ ಇಳಿದೀತು. ಆ ಡಾಕ್ಟರು ಗಡಿ ದಾಟಿ ಕಾಸರಗೋಡು ವಿದ್ಯಾನಗರದ ಕೋರ್ಟಿಗೆ ಬರಬೇಕು. 2020ರಲ್ಲಿ ಗಡಿ ಮುಚ್ಚಿತ್ತು. 2021ರ ಫೆಬ್ರವರಿಯಲ್ಲಿ, ಮತ್ತೆ ಆಗಸ್ಟಿನಲ್ಲಿ ತಲಪಾಡಿ ದಾಟಬೇಕಾದರೆ ಆರ್‌ಟಿಪಿಸಿಆರ್ ನೆಗೆಟಿವ್ ಬೇಕು ಅಂತ ಕರ್ನಾಟಕ ಕೂತಿತು. ಇಲ್ಲಿಗೆ ಬಂದ ಡಾಕ್ಟರು ವಾಪಸ್ ಹೋಗೋದಕ್ಕೆ ಮೂಗಿಗೆ ಕಡ್ಡಿ ಹಾಕಿಸಿಕೊಳ್ಳಬೇಕು. ಅದೂ ಆಸ್ಪತ್ರೆಗಳು ತುಂಬಿ ತುಳುಕುತ್ತಿದ್ದಾಗ. ಕೋರ್ಟಾದರೂ ಎಷ್ಟು ಒತ್ತಾಯ ಮಾಡೀತು?

ಇನ್ನೊಂದು ದಿಕ್ಕು ಗಲ್ಫ್. ಇಲ್ಲಿ ಮನೆಗೊಬ್ಬರು ದುಬೈಯಲ್ಲೋ ಶಾರ್ಜಾದಲ್ಲೋ ಇರೋದು ವಿಶೇಷ ಏನಲ್ಲ. ಕಣ್ಣಾರೆ ಕಂಡ ಸಾಕ್ಷಿ ವೀಸಾ ಸಿಕ್ಕಿ ಹೋಗಿರ್ತಾನೆ. ಜಾಮೀನು ಸಿಕ್ಕ ಆರೋಪಿಯೂ ಹೋಗಿರ್ತಾನೆ, ಹೇಳದೆ. ಹತ್ತು ಆರೋಪಿಗಳಲ್ಲಿ ಒಬ್ಬ ತಲೆಮರೆಸಿಕೊಂಡರೆ ಅವನ ಕೇಸು ಬೇರೆ ಮಾಡಬೇಕು. ವಾರಂಟ್, ಆಸ್ತಿ ಜಪ್ತಿ ಎಲ್ಲ ಆದರೂ ಸಿಗದಿದ್ದರೆ ಅದು ಎಲ್‌ಪಿ ಪಟ್ಟಿಗೆ, ಅಂದರೆ ದೀರ್ಘಕಾಲ ಬಾಕಿ ಇರೋ ಕೇಸುಗಳ ಪಟ್ಟಿಗೆ ಹೋಗುತ್ತೆ. ಆ ಪಟ್ಟಿಗೆ ಹೋದ ಕೇಸು ಮೇಲೆ ಏಳೋದು ಆರೋಪಿ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದಾಗ.

ಮೂರನೆಯದು ಭಾಷೆ. ಇದನ್ನು ಹೊರಗಿನವರಿಗೆ ವಿವರಿಸೋದು ಕಷ್ಟ. ಆದರೆ ಬಾಕಿ ಕೇಸುಗಳ ನಿಜವಾದ ನಷ್ಟ ಗೊತ್ತಾಗೋದು ಇಲ್ಲೇ. ಒಂದು ಸಾದಾ ಅಬ್ಕಾರಿ ಕೇಸು ತೆಗೆದುಕೊಳ್ಳೋಣ. ಗಡಿಭಾಗದಲ್ಲಿ ಇಂಥವಕ್ಕೆ ಬರ ಇಲ್ಲ. 2019ರ ಕೊನೆಯಲ್ಲಿ ಪೈವಳಿಕೆ ಕಡೆ ಒಂದು ಸ್ಕೂಟರ್ ತಡೆದು ನಿಲ್ಲಿಸಿದರು, ಸೀಟಿನಡಿ ಕರ್ನಾಟಕದ ಮದ್ಯದ ಪ್ಯಾಕೆಟ್‌ಗಳು. ಪಕ್ಕದ ಅಂಗಡಿಯವರನ್ನು ಕರೆದು ಮಹಜರಿಗೆ ಸಹಿ ಹಾಕಿಸಿದರು. ಮಹಜರು ಮಲಯಾಳದಲ್ಲಿ. ಅಂಗಡಿಯವರು ಓದಿದ್ದು ಕನ್ನಡ ಮೀಡಿಯಂ, ಮನೆಯಲ್ಲಿ ತುಳು. ಮಲಯಾಳ ಮಾತಾಡ್ತಾರೆ, ಓದೋಕೆ ಬರೋದಿಲ್ಲ. ಸ್ಯಾಂಪಲ್ ಕೋಝಿಕ್ಕೋಡಿನ ಪ್ರಯೋಗಾಲಯಕ್ಕೆ ಹೋಯಿತು. ಅಲ್ಲಿಂದ ವರದಿ, ಆಮೇಲೆ ಚಾರ್ಜ್‌ಶೀಟ್, ಆಮೇಲೆ ಕೋವಿಡ್. ಹತ್ತು ವರ್ಷದ ತನಕ ಶಿಕ್ಷೆ ಇರೋ ಸೆಕ್ಷನ್ ಆದ್ದರಿಂದ ಕೇಸು ಸೆಷನ್ಸ್‌ಗೆ ಹೋಯಿತು. ಸಾಕ್ಷಿಗೆ ಸಮನ್ಸ್ ಬಂದದ್ದು 2023ರಲ್ಲಿ ಅಂತ ಇಟ್ಟುಕೊಳ್ಳಿ. ಅಂಗಡಿ ಬಂದ್ ಮಾಡಿ ಬಸ್ಸು ಹಿಡಿದು ಬರ್ತಾರೆ.

"ಈ ಸಹಿ ನಿಮ್ಮದೇ?"

"ಹೌದು ಸಾರ್."

"ನಿಮ್ಮೆದುರೇ ಹಿಡಿದದ್ದು ಅಲ್ವಾ?"

"ಹಿಡಿಯೋದು ನೋಡಿಲ್ಲ ಸಾರ್. ಕರೆದರು, ಸೈನ್ ಹಾಕಿದೆ."

ಅಲ್ಲಿಗೆ ಸರಕಾರಿ ವಕೀಲರು ಅವರನ್ನು ಪ್ರತಿಕೂಲ ಸಾಕ್ಷಿ, ಅಂದರೆ ಕರೆಸಿದವರಿಗೇ ತಿರುಗಿಬಿದ್ದ ಸಾಕ್ಷಿ ಅಂತ ಘೋಷಿಸೋಕೆ ಕೇಳ್ತಾರೆ. ಅವರು ಸುಳ್ಳು ಹೇಳಿದರಾ? ಹೇಳಿರಬಹುದು. ಮರೆತಿರಲೂಬಹುದು. ಮೊದಲ ದಿನವೇ ಏನೂ ನೋಡದೆ ಸಹಿ ಹಾಕಿರಲೂಬಹುದು. ಆರು ತಿಂಗಳಲ್ಲಿ ಕೇಳಿದ್ದರೆ ಮೂರರಲ್ಲಿ ಯಾವುದು ಅಂತ ಜಡ್ಜಿಗೆ ಅಂದಾಜಾದರೂ ಸಿಗ್ತಿತ್ತು. ಕೇಸು ಇನ್ನು ಹಿಡಿದ ಅಧಿಕಾರಿಯ ಮಾತಿನ ಮೇಲೆ ನಿಲ್ಲಬೇಕು. ಆ ಅಧಿಕಾರಿ ಅಷ್ಟರಲ್ಲಿ ಕೊಲ್ಲಕ್ಕೋ ತಿರುವನಂತಪುರಕ್ಕೋ ವರ್ಗವಾಗಿರ್ತಾರೆ. ಬಂದರೂ ಅವರಿಗೆ ಆ ದಿನ ನೆನಪಿರೋದಿಲ್ಲ. ಕಡತ ಓದಿ ಹೇಳ್ತಾರೆ.

ದೊಡ್ಡ ಕೇಸುಗಳಲ್ಲಿ ಇದು ಇನ್ನೂ ಗಂಭೀರ. ಪೊಲೀಸರು ತನಿಖೆಯಲ್ಲಿ ಸಾಕ್ಷಿಯ ಹೇಳಿಕೆ (ಸಿಆರ್‌ಪಿಸಿ 161ರದ್ದು) ಬರೆದುಕೊಳ್ಳುವಾಗ ಸಾಕ್ಷಿ ಹೇಳೋದು ತುಳುವಿನಲ್ಲೋ, ಬ್ಯಾರಿಯಲ್ಲೋ, ಕನ್ನಡದಲ್ಲೋ. ಬರೆಯೋದು ಮಲಯಾಳದಲ್ಲಿ. ತೆಕ್ಕಿನಿಂದ, ಅಂದರೆ ದಕ್ಷಿಣ ಕೇರಳದಿಂದ ಬಂದ ಅಧಿಕಾರಿಗೆ ನಮ್ಮ ಊರಿನ ಮಲಯಾಳವೇ ಪೂರ್ತಿ ಅರ್ಥ ಆಗೋದಿಲ್ಲ, ತುಳುವಿನ ಮಾತು ದೂರ. ಆ ಹೇಳಿಕೆಗೆ ಸಾಕ್ಷಿಯ ಸಹಿ ಇರೋದಿಲ್ಲ, ಕಾನೂನೇ ಹಾಗಿದೆ. ವರ್ಷಗಳಾದ ಮೇಲೆ ಕೋರ್ಟಿನಲ್ಲಿ ಅವರು ಮತ್ತೆ ತಮ್ಮ ಭಾಷೆಯಲ್ಲಿ ಹೇಳ್ತಾರೆ. ಯಾರೋ ಅನುವಾದ ಮಾಡ್ತಾರೆ. ಎರಡನ್ನೂ ಎದುರುಬದುರು ಇಟ್ಟು ಆರೋಪಿ ಕಡೆಯ ವಕೀಲರು ಪಾಟೀಸವಾಲು ಹಾಕ್ತಾರೆ: "ಅವತ್ತು ಪೊಲೀಸರಿಗೆ ಹೀಗೆ ಹೇಳಿಲ್ಲವಲ್ಲ?" ಆ ವ್ಯತ್ಯಾಸ ನೆನಪಿನದ್ದಾ, ಅನುವಾದದ್ದಾ, ಸುಳ್ಳಾ? ಸಂಶಯದ ಲಾಭ ಆರೋಪಿಗೆ. ಅದು ಹಾಗೇ ಇರಬೇಕು. ಆದರೆ ಇಲ್ಲಿ ಸಂಶಯ ಹುಟ್ಟಿದ್ದರಲ್ಲಿ ತಡಕ್ಕೂ ಅನುವಾದಕ್ಕೂ ಪಾಲಿದೆ. ಬಾಕಿ ಕೇಸುಗಳ ಚರ್ಚೆಯಲ್ಲಿ ಎಷ್ಟು ಕೇಸು, ಎಷ್ಟು ವರ್ಷ ಅಂತ ಲೆಕ್ಕ ಹಾಕ್ತೇವೆ. ತಡವಾದದ್ದರಿಂದಲೇ ಸತ್ತುಹೋದ ಕೇಸುಗಳು ಆ ಲೆಕ್ಕದಲ್ಲಿ 'ವಿಲೇವಾರಿ' ಅಂತಲೇ ಬರುತ್ತವೆ.

ವಿಲೇವಾರಿ ಅಂಕಿಗಳನ್ನು ನಾನು ಅಷ್ಟಾಗಿ ನಂಬದೇ ಇರೋದಕ್ಕೆ ಇನ್ನೊಂದು ಕಾರಣವೂ ಇದೆ. ಮಾಸ್ಕ್ ಕೇಸು, ಹೆಲ್ಮೆಟ್ ಕೇಸು ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ಐದು ನಿಮಿಷದಲ್ಲಿ ಮುಗೀತು. ಮೂವತ್ತು ಸಾಕ್ಷಿಗಳ ಕೊಲೆ ಕೇಸಿಗೆ ತಿಂಗಳುಗಟ್ಟಲೆ ಬೇಕು. ಕಾಗದದ ಮೇಲೆ ಎರಡೂ ಒಂದೊಂದೇ. ಕೋವಿಡ್ ನಂತರ ಸಣ್ಣ ಕೇಸುಗಳನ್ನು ಅದಾಲತ್ತಿನಲ್ಲಿ ಸಾಲಾಗಿ ಮುಗಿಸಿದರೆ ಕೋರ್ಟಿನ ಅಂಕಿ ಚೆಂದ ಕಾಣುತ್ತೆ. 2018ರ ಸೆಷನ್ಸ್ ಕೇಸು ಹಾಗೇ ಕೂತಿರುತ್ತೆ. ಚೆಕ್‌ಬೌನ್ಸ್ ಕೇಸುಗಳದ್ದು ಮತ್ತೊಂದು ಭಾರ. 2019ರ ಕೊನೆಗೆ ದೇಶದಲ್ಲಿ ಬಾಕಿ ಇದ್ದ 2.31 ಕೋಟಿ ಕ್ರಿಮಿನಲ್ ಕೇಸುಗಳಲ್ಲಿ 35 ಲಕ್ಷಕ್ಕೂ ಮೇಲೆ ಚೆಕ್ಕಿನವೇ ಅಂತ ಸುಪ್ರೀಂ ಕೋರ್ಟೇ 2021ರಲ್ಲಿ ಹೇಳಿತು. ಬಾಕಿ ಕ್ರಿಮಿನಲ್ ಕೇಸು ಈಗ 3 ಕೋಟಿ ದಾಟಿದೆ.

ಹಾಗಂತ ಎಲ್ಲ ತಡವನ್ನೂ ಕೋವಿಡ್ ತಲೆಗೆ ಕಟ್ಟಬಾರದು. ನಮ್ಮ ಜಿಲ್ಲೆಯ ಪೆರಿಯದಲ್ಲಿ ಇಬ್ಬರು ಯೂತ್ ಕಾಂಗ್ರೆಸ್ ಕಾರ್ಯಕರ್ತರ ಜೋಡಿ ಕೊಲೆ ಆದದ್ದು 2019ರ ಫೆಬ್ರವರಿ 17ಕ್ಕೆ. ತೀರ್ಪು ಬಂದದ್ದು 2024ರ ಡಿಸೆಂಬರ್ 28ಕ್ಕೆ. ಅದರಲ್ಲಿ ಒಂದು ಪಾಲು ಹೋದದ್ದು ತನಿಖೆ ಸಿಬಿಐಗೆ ಹೋಗಬೇಕೋ ಬೇಡವೋ ಅನ್ನೋ ಜಗಳದಲ್ಲಿ. ಸರಕಾರ ಅದನ್ನು ಸುಪ್ರೀಂ ಕೋರ್ಟಿನ ತನಕ ಎಳೆಯಿತು. ಕಾಸರಗೋಡಿನ ಚೂರಿ ಅನ್ನೋ ಊರಿನಲ್ಲಿ ಮದರಸಾ ಶಿಕ್ಷಕರೊಬ್ಬರನ್ನು 2017ರ ಮಾರ್ಚ್ 20ರ ರಾತ್ರಿ ಕೊಂದರು. ಅವರು ನಮ್ಮ ಕೊಡಗಿನವರು. ಆ ವಿಚಾರಣೆ ಕೋವಿಡ್ ಕಾಲವನ್ನು ದಾಟಿ ಬಂದು 2024ರ ಮಾರ್ಚ್ 30ಕ್ಕೆ ಮುಗಿಯಿತು. ಮೂವರು ಆರೋಪಿಗಳೂ ಖುಲಾಸೆ. ಅವರು ಏಳು ವರ್ಷ ಜಾಮೀನಿಲ್ಲದೆ ಒಳಗಿದ್ದರು. ತೀರ್ಪು ಸರಿಯೋ ತಪ್ಪೋ ಮೇಲಿನ ಕೋರ್ಟು ನೋಡುವ ವಿಷಯ. ಆದರೆ ಏಳು ವರ್ಷ ಕಾದದ್ದು ಕೊಡಗಿನ ಆ ಮನೆಗೂ ಅನ್ಯಾಯ, ಖುಲಾಸೆಯಾದವರಿಗೂ ಅನ್ಯಾಯ.

ಜಾಮೀನಿನ ವಿಷಯದಲ್ಲಿ ಒಂದು ತೀರ್ಪನ್ನು ಹೇಳಲೇಬೇಕು. 60 ಅಥವಾ 90 ದಿನದೊಳಗೆ ಚಾರ್ಜ್‌ಶೀಟ್ ಹಾಕದಿದ್ದರೆ ಆರೋಪಿಗೆ ಜಾಮೀನು ಹಕ್ಕಾಗಿ ಸಿಗುತ್ತೆ. ಕೋವಿಡ್ ಕಾಲದಲ್ಲಿ ಗಡುವುಗಳೆಲ್ಲ ಮುಂದೆ ಹೋಗಿವೆ, ಹಾಗಾಗಿ ನಮಗೂ ಹೆಚ್ಚು ದಿನ ಇದೆ ಅಂತ ತಮಿಳುನಾಡಿನ ಪೊಲೀಸರು ವಾದಿಸಿದರು. ಮದ್ರಾಸ್ ಹೈಕೋರ್ಟು ಒಪ್ಪಿಯೂ ಬಿಟ್ಟಿತು. 2020ರ ಜೂನ್ 19ರಂದು ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ರೋಗ ಬಂತು ಅಂತ ಮನುಷ್ಯನ ಸ್ವಾತಂತ್ರ್ಯದ ಗಡಿಯಾರ ನಿಲ್ಲಿಸೋ ಹಾಗಿಲ್ಲ ಅನ್ನೋದು ಅದರ ತಾತ್ಪರ್ಯ. ಆ ಎರಡು ವರ್ಷಗಳ ತೀರ್ಪುಗಳಲ್ಲಿ ನನಗೆ ತುಂಬ ಗಟ್ಟಿ ಅನಿಸಿದ್ದು ಇದು.

ಆದರೆ ಜಾಮೀನು ಆದೇಶ ಸಿಕ್ಕಿದ ಮಾತ್ರಕ್ಕೆ ಬಿಡುಗಡೆ ಆಗೋದಿಲ್ಲ. ಶ್ಯೂರಿಟಿ ಬೇಕು. ಊರಲ್ಲೇ ಜಾಗ ಇರೋರು ತೆರಿಗೆ ರಶೀದಿ ಹಿಡಿದು ಬರಬೇಕು. ಪುತ್ತೂರಿನಿಂದಲೋ ಬಂಗಾಳದಿಂದಲೋ ಕೂಲಿಗೆ ಬಂದವನಿಗೆ ಇಲ್ಲಿ ಯಾರು ರಶೀದಿ ಕೊಡ್ತಾರೆ? ಅದೂ ಲಾಕ್‌ಡೌನಿನಲ್ಲಿ. ಸ್ಥಳೀಯ ಶ್ಯೂರಿಟಿಯೇ ಬೇಕು ಅಂತ ಹಠ ಹಿಡಿಯೋದು ಬಿಡುಗಡೆ ತಡವಾಗೋದಕ್ಕೆ ಒಂದು ಕಾರಣ ಅಂತ ಸುಪ್ರೀಂ ಕೋರ್ಟು 2023ರ ಜನವರಿಯಲ್ಲಿ ಹೇಳಿತು. ಅಂಥ ಷರತ್ತು ಹಾಕದಿದ್ದರೆ ಒಳ್ಳೇದು ಅಂತ ಸಲಹೆಯನ್ನೂ ಕೊಟ್ಟಿತು. ಗಡಿ ಜಿಲ್ಲೆಯ ವಕೀಲರು ಆ ಆದೇಶವನ್ನು ಬ್ಯಾಗಿನಲ್ಲೇ ಇಟ್ಟುಕೊಳ್ಳಬೇಕು.

ಕೋವಿಡ್‌ನಿಂದ ಒಳ್ಳೇದೂ ಆಗಿದೆ. ಎರ್ನಾಕುಳದ ಹೈಕೋರ್ಟು ಇಲ್ಲಿಂದ 350 ಕಿ.ಮೀ.ಗೂ ಜಾಸ್ತಿ. ಹಿಂದಿನ ರಾತ್ರಿ ರೈಲು ಹತ್ತಿ ಹೋಗಿ ಹತ್ತು ನಿಮಿಷದ ವಾದ ಮಾಡಿ ಬರ್ತಿದ್ದ ಕಾಸರಗೋಡಿನ ವಕೀಲರು ಈಗ ಆಫೀಸಿನಲ್ಲೇ ಕೂತು ವಾದಿಸಬಹುದು. ಕಕ್ಷಿದಾರನಿಗೆ ಖರ್ಚೂ ಉಳೀತು. 2021ರಲ್ಲಿ ಕೇರಳದ ಕೋರ್ಟುಗಳಿಗೆ ವಿಡಿಯೊ ಲಿಂಕ್ ಬಗ್ಗೆ ನಿಯಮಗಳೇ ಬಂದವು. ಅಸಲಿಗೆ ವಿಡಿಯೊ ಮೂಲಕ ಸಾಕ್ಷ್ಯ ತೆಗೆಯಬಹುದು ಅಂತ ಸುಪ್ರೀಂ ಕೋರ್ಟು 2003ರಲ್ಲೇ ಹೇಳಿತ್ತು. ಹದಿನೇಳು ವರ್ಷ ಯಾರೂ ಅಷ್ಟಾಗಿ ಮೈಮೇಲೆ ಹಾಕಿಕೊಳ್ಳಲಿಲ್ಲ. ಮಂಗಳೂರಿನ ಡಾಕ್ಟರು ಅಲ್ಲಿನ ಕೋರ್ಟಿಗೇ ಹೋಗಿ ಕ್ಯಾಮೆರಾ ಎದುರು ಸಾಕ್ಷಿ ಹೇಳಿದರೆ ಪಕ್ಕದಲ್ಲಿ ಹೇಳಿಕೊಡೋರೂ ಇರೋದಿಲ್ಲ, ಅರ್ಧ ದಿನದ ಕೆಲಸವೂ ಕೆಡೋದಿಲ್ಲ. ಸಾಮಾನ್ಯ ಸಾಕ್ಷಿಗೆ, ಅದರಲ್ಲೂ ತುಳುವಿನಲ್ಲಿ ಹೇಳೋರಿಗೆ, ನನ್ನ ಅಭಿಪ್ರಾಯದಲ್ಲಿ ಕೋರ್ಟ್ ಹಾಲೇ ಸರಿ. ಕೆಟ್ಟ ನೆಟ್‌ವರ್ಕಿನಲ್ಲಿ ಅನುವಾದಕರನ್ನೂ ಸೇರಿಸಿದರೆ ಪಾಟೀಸವಾಲು ಅನ್ನೋದು ಬರೀ ಶಾಸ್ತ್ರ ಆಗಿಬಿಡುತ್ತೆ.

2024ರ ಜುಲೈ 1ರಿಂದ ಸಿಆರ್‌ಪಿಸಿ ಬದಲಿಗೆ ಜಾರಿಗೆ ಬಂದ ಹೊಸ ಕಾನೂನು ಬಿಎನ್‌ಎಸ್‌ಎಸ್ ಇದಕ್ಕೆಲ್ಲ ಉತ್ತರ ಅಂತ ಹೇಳ್ತಾರೆ. ಕೆಲವು ಒಳ್ಳೆಯ ಅಂಶ ಇರೋದು ಹೌದು. ಸರಕಾರಿ ಅಧಿಕಾರಿಗಳ ಸಾಕ್ಷ್ಯ ವಿಡಿಯೊದಲ್ಲಿ ತೆಗೆಯಬಹುದು. ವರ್ಗವಾದ ಅಥವಾ ನಿವೃತ್ತರಾದ ಅಧಿಕಾರಿಯ ದಾಖಲೆ ಬಗ್ಗೆ ಆ ಜಾಗಕ್ಕೆ ಬಂದವರು ಸಾಕ್ಷಿ ಹೇಳಬಹುದು. ತಪ್ಪಿಸಿಕೊಂಡ ಘೋಷಿತ ಅಪರಾಧಿಯ ವಿಚಾರಣೆಯನ್ನು ಅವನಿಲ್ಲದೆಯೂ ನಡೆಸಬಹುದು, ಗಂಭೀರ ಅಪರಾಧಗಳಲ್ಲಿ ಮಾತ್ರ. ಗಲ್ಫಿಗೆ ಹಾರಿದವರ ಕೇಸಿಗೆ ಇದು ಬಹಳ ಉಪಯೋಗಕ್ಕೆ ಬಂದೀತು. ಆದರೆ ಆ ದಿನಕ್ಕೆ ಮೊದಲೇ ವಿಚಾರಣೆಯಲ್ಲಿದ್ದ ಕೇಸುಗಳು ಹಳೇ ಸಿಆರ್‌ಪಿಸಿ ಪ್ರಕಾರವೇ ಮುಗಿಯಬೇಕು. ಕೋವಿಡ್ ಕಾಲದ ರಾಶಿ ಹೆಚ್ಚುಕಮ್ಮಿ ಅದರೊಳಗೇ ಬರುತ್ತೆ. ಔಷಧಿ ಬಂದಿದೆ, ಹಳೇ ರೋಗಿಗಳಿಗಲ್ಲ. ಒಂದು ವಿನಾಯಿತಿ ಇದೆ: ಹಿಂದೆ ಯಾವ ಅಪರಾಧದಲ್ಲೂ ದೋಷಿ ಅಂತ ತೀರ್ಪಾಗಿರದ ಆರೋಪಿಗಳು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ಜೈಲಿನಲ್ಲೇ ಕಳೆದಿದ್ದರೆ ಬಿಡಬೇಕು ಅನ್ನೋ 479ನೇ ಸೆಕ್ಷನ್. ಅದು ಹಳೇ ಕೇಸುಗಳಿಗೂ ಅನ್ವಯಿಸುತ್ತೆ ಅಂತ 2024ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನ ಆಯಿತು. ಜೀವಾವಧಿ ಅಥವಾ ಮರಣದಂಡನೆ ಇರೋ ಅಪರಾಧಗಳಿಗೆ ಇದು ಸಿಗೋದಿಲ್ಲ.

ಮಂಜೇಶ್ವರ, ಬದಿಯಡ್ಕ, ಪೆರ್ಲ ಕಡೆಯ ನಿಮ್ಮದೇ ಕೇಸು ಬಾಕಿ ಇದ್ದರೆ ಇಷ್ಟು ಗೊತ್ತಿರಲಿ. ಕೇಸಿಗೆ ಸಿಎನ್‌ಆರ್ ಅಂತ 16 ಅಕ್ಷರ-ಅಂಕಿಗಳ ಗುರುತು ಇರುತ್ತೆ. ಇ-ಕೋರ್ಟ್ಸ್ ಆ್ಯಪಿನಲ್ಲಿ ಅದನ್ನು ಹಾಕಿದರೆ ಮುಂದಿನ ವಾಯಿದೆ, ಹಿಂದೆ ಎಷ್ಟು ಸಲ ಯಾಕೆ ಮುಂದೂಡಿದರು ಅನ್ನೋದು ಮೊಬೈಲಿನಲ್ಲೇ ಸಿಗುತ್ತೆ. ಸಾಕ್ಷ್ಯ ನಿಮಗೆ ಬಾರದ ಭಾಷೆಯಲ್ಲಿ ನಡೀತಾ ಇದ್ದರೆ, ಆರೋಪಿಗೆ ಅದನ್ನು ಅರ್ಥವಾಗೋ ಭಾಷೆಯಲ್ಲಿ ಕೋರ್ಟಿನಲ್ಲೇ ವಿವರಿಸಬೇಕು ಅಂತ ಹಳೇ ಕಾನೂನಿನಲ್ಲೂ ಇದೆ, ಹೊಸದರಲ್ಲೂ ಇದೆ. ಕೇಳೋದಕ್ಕೆ ಸಂಕೋಚ ಬೇಡ. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಜೈಲಿನಲ್ಲಿ ಇರೋರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಪುಕ್ಕಟೆ ಸಿಗ್ತಾರೆ. ಸಹಾಯವಾಣಿ 15100. ಇನ್ನು ನಮ್ಮ ಜಿಲ್ಲೆಯ ಅಂಕಿ ನೋಡಬೇಕು ಅಂದರೆ ರಾಷ್ಟ್ರೀಯ ನ್ಯಾಯಾಂಗ ದತ್ತಾಂಶ ಜಾಲತಾಣದಲ್ಲಿ ಕಾಸರಗೋಡಿನದ್ದೇ ಪುಟ ಇದೆ, ಯಾರು ಬೇಕಾದರೂ ತೆರೆಯಬಹುದು. ಒಟ್ಟು ಬಾಕಿ ಎಷ್ಟು ಅನ್ನೋದರ ಮೇಲೆ ಜಾಸ್ತಿ ಹೊತ್ತು ಕಳೀಬೇಡಿ. ಐದರಿಂದ ಹತ್ತು ವರ್ಷ ಹಳೇ ಕ್ರಿಮಿನಲ್ ಕೇಸುಗಳ ಸಾಲನ್ನು, ತಡಕ್ಕೆ ಕಾರಣ ಏನು ಅಂತ ತೋರಿಸೋ ಭಾಗವನ್ನು ನೋಡಿ. ವಕೀಲರು ಬಂದಿಲ್ಲ, ಆರೋಪಿ ಸಿಕ್ಕಿಲ್ಲ, ಸಾಕ್ಷಿ ಬಂದಿಲ್ಲ ಅಂತೆಲ್ಲ ಅಲ್ಲಿ ಬೇರೆ ಬೇರೆಯಾಗಿ ಕೊಟ್ಟಿರ್ತಾರೆ.